ಹೆಸರೆತ್ತಲು ಅಪ್ಪಣೆ ಇದೆಯಾ?

ಬೆಂಗಳೂರಿನ ನಮ್ಮ ಬಡಾವಣೆಯ ಕನ್ನಡ ಬಳಗ ತನ್ನ ಜಾಲತಾಣದಲ್ಲಿ ಕನ್ನಡ ಪುಸ್ತಕಗಳ ಪಟ್ಟಿ ಹಾಕಲು ಹೊರಟಿದೆ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಬೆಲೆ. ಅಷ್ಟೇ. ಒಳಗಿನ ಒಂದು ಸಾಲೂ ಇರುವುದಿಲ್ಲ. ಆದರೂ ಲೇಖಕರ ಲಿಖಿತ ಒಪ್ಪಿಗೆ ಬೇಕೇ ಬೇಕು ಎಂದು ಸಮಿತಿ ಠರಾವು ಮಾಡಿದೆ.

ಮುಖಪುಟದ ಚಿತ್ರ ಹಾಕುವುದಾದರೆ ಕೇಳುವುದು ಸರಿ. ಅದು ಕಲಾವಿದರ ಕೆಲಸ. ಹೆಸರಿಗೆ ಯಾಕೆ? 1957ರ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಬರಹವನ್ನು, ಅದೂ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ನಾಟಕಗಳ ಹಕ್ಕು 2006ರ ಕೊನೆಗೇ ಮುಗಿಯಿತು. ಇಡೀ ನಾಟಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನಮ್ಮ ಸಮಿತಿಗೆ ಮಾತ್ರ ನಾಟಕದ ಹೆಸರು ಹೇಳಲೂ ಭಯ.

ಲೇಖಕರು ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ ಬೇಕಂತೆ. ಒಬ್ಬರು ರಾಜಾಜಿನಗರದಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ. ಮೂರನೆಯವರು ಇವರಿಬ್ಬರ ಜೊತೆ ಮಾತು ಬಿಟ್ಟಿದ್ದಾರೆ. ಸೈಟು ಭಾಗ ಆಗುವವರೆಗೆ ಅಪ್ಪನ ಕಾದಂಬರಿಗೂ ಬಿಡುಗಡೆ ಇಲ್ಲ.

ಬದುಕಿರುವ ಲೇಖಕರೊಬ್ಬರಿಗೆ ಕಾರ್ಯದರ್ಶಿ ಫೋನ್ ಮಾಡಿದರು. ಅವರ ಮಂಚದ ಕೆಳಗೆ ಮಾರಾಟವಾಗದ ಪ್ರತಿಗಳು ಕಟ್ಟುಗಟ್ಟಲೆ ಬಿದ್ದಿವೆ.

“ಹೆಸರು ಹಾಕ್ತೀರಾ? ದಯವಿಟ್ಟು ಹಾಕಿ ಸ್ವಾಮಿ.”

“ಬಾಯಿಮಾತಿನಲ್ಲಿ ಆಗಲ್ಲ ಸಾರ್. ಛಾಪಾಕಾಗದದಲ್ಲಿ ಕೊಡಬೇಕು.”

ಇದೇ ಸಮಿತಿಯ ವಾಟ್ಸಾಪ್ ಗುಂಪು ನೋಡಬೇಕು ನೀವು. ಅದೇ ಲೇಖಕರ ಇಡೀ ಕಾದಂಬರಿ ಅಲ್ಲಿ ಪಿಡಿಎಫ್ ಆಗಿ ಓಡಾಡುತ್ತಿದೆ. ಮೊದಲ ಪುಟದಲ್ಲಿ ಯಾವುದೋ ಗ್ರಂಥಾಲಯದ ಮೊಹರು. ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಪುಟದ ಅಂಚಿನಲ್ಲಿ ಉದ್ದಕ್ಕೂ ಇಣುಕುತ್ತದೆ. ನಾಯಕಿ ಅಳುವ ಜಾಗದಲ್ಲಿ ಎರಡು ಸಾಲು ಪೂರ್ತಿ ಅದರ ಅಡಿಗೇ ಹೋಗಿವೆ. ಕೆಳಗೆ, “ಕನ್ನಡ ಉಳಿಸಿ, ಹತ್ತು ಜನಕ್ಕೆ ಕಳಿಸಿ.” ಕಳಿಸಿದವರು ಖಜಾಂಚಿ. ಒಪ್ಪಿಗೆ ಪತ್ರದ ನಮೂನೆ ಬರೆದವರೂ ಅವರೇ. ಇದಕ್ಕೆ ಯಾರನ್ನು ಕೇಳಿದಿರಿ ಅಂದರೆ, “ಇದು ಸುಮ್ನೆ ಓದೋಕೆ ಅಲ್ವಾ” ಎಂದರು.

ಪಟ್ಟಿಯಲ್ಲಿ ಸದ್ಯಕ್ಕೆ ಒಂದೇ ಪುಸ್ತಕ ಇದೆ. ಕಾರ್ಯದರ್ಶಿಯವರ ಕವನ ಸಂಕಲನ. ನಿಯಮ ಅಂದರೆ ನಿಯಮ. ಅವರು ತಮಗೆ ತಾವೇ ಅರ್ಜಿ ಬರೆದು, ತಾವೇ ಪರಿಶೀಲಿಸಿ, ಸಂತೋಷದಿಂದ ಒಪ್ಪಿಗೆ ಕೊಟ್ಟುಕೊಂಡಿದ್ದಾರೆ. ಸಾಕ್ಷಿಗೆ ಖಜಾಂಚಿ ರುಜು ಹಾಕಿದ್ದಾರೆ.