ಹಂಪಿ ಹಾಳಾಗಲು ಐದು ಕಾರಣ, ಐದು ಮಾರ್ಕ್ಸ್

"ಹಂಪಿಯ ನಾಶಕ್ಕೆ ಕಾರಣಗಳು ಮತ್ತು ಪರಿಣಾಮಗಳನ್ನು ಕುರಿತು ಪ್ರಬಂಧ ಬರೆಯಿರಿ." ಈ ಪ್ರಶ್ನೆ ನಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ಒಂದೇ ವ್ಯತ್ಯಾಸ, ಈಗ ಉತ್ತರವನ್ನು ಮೊಬೈಲೇ ಬರೆದುಕೊಡುತ್ತದೆ. ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳ ಪ್ರಬಂಧ "ಹಂಪಿಯು ನಮ್ಮ ನಾಡಿನ ಹೆಮ್ಮೆಯ ಕಿರೀಟವಾಗಿದೆ" ಎಂದೇ ಶುರುವಾಗಿತ್ತಂತೆ. ಎಲ್ಲರಿಗೂ ಗುಡ್ ಸಿಕ್ಕಿದೆ. ನಾನೂ ಓದಿ ನೋಡಿದೆ. ಹಂಪಿ ಅನ್ನೋದನ್ನು ತೆಗೆದು ಬೇಲೂರು ಹಾಕಿ, ತಾಜ್‌ಮಹಲ್ ಹಾಕಿ, ನಮ್ಮ ಬೀದಿ ಕೊನೆಯ ಹಾಲಿನ ಬೂತ್ ಹಾಕಿ, ಒಂದು ಕಾಮಾ ಕೂಡ ಕದಲುವುದಿಲ್ಲ.

ಮೊಬೈಲನ್ನು ಬೈದು ಏನೂ ಪ್ರಯೋಜನವಿಲ್ಲ ಬಿಡಿ. ಅದು ಕಲಿತದ್ದೇ ನಮ್ಮಿಂದ. ನಮಗೆ ಗೈಡ್ ಇತ್ತು, ಆಮೇಲೆ ಬಂದವರಿಗೆ ಪಾಸಿಂಗ್ ಪ್ಯಾಕೇಜ್ ಬಂತು. ಪೀಠಿಕೆಯಲ್ಲಿ ಮುತ್ತು ರತ್ನ, ವಿಷಯ ವಿಸ್ತರಣೆಯಲ್ಲಿ ರಕ್ಕಸತಂಗಡಿ ಯುದ್ಧ, ಉಪಸಂಹಾರದಲ್ಲಿ "ಇದನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಆದ್ಯ ಕರ್ತವ್ಯ". ಮುಗೀತು. ಹಂಪಿಗೆ ಹೋಗಿ ಬಂದವನಿಗೂ ಅಷ್ಟೇ ಮಾರ್ಕ್ಸು, ಹೋಗದವನಿಗೂ ಅಷ್ಟೇ. ಹೋಗಿ ಬಂದವನಿಗೆ ಒಂದು ಕಡಿಮೆಯೂ ಆಗಬಹುದು. ಅವನು ಸುಮ್ನೆ ಕಂಡದ್ದನ್ನೆಲ್ಲ ಬರೆದುಬಿಡುತ್ತಾನೆ.

ಈ ಮುತ್ತು ರತ್ನದ ವಿಷಯ ಒಂಚೂರು ಮಾತಾಡಲೇಬೇಕು. "ಮುತ್ತು ರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು" ಅಂತ ಬರೆಯದೆ ಕರ್ನಾಟಕದಲ್ಲಿ ಯಾರೂ ಎಸ್ಸೆಸ್ಸೆಲ್ಸಿ ದಾಟಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯಲ್ಲಿ ವಜ್ರ, ಮಾಣಿಕ್ಯ, ಮುತ್ತು ನೋಡಿ ಬೆರಗಾದದ್ದು ನಿಜ. ಆದರೆ ಅದೇ ಮನುಷ್ಯ ಊರಿನ ಅಕ್ಕಿ, ಗೋಧಿ, ಹೆಸರು, ಹುರುಳಿ ನೋಡಿಯೂ ಅಷ್ಟೇ ಬೆರಗಾಗಿದ್ದಾನೆ. ದಿನಸಿ ಇಷ್ಟು ಸಮೃದ್ಧಿಯಾಗಿರುವ ಊರು ಲೋಕದಲ್ಲೇ ಇಲ್ಲ ಅಂದಿದ್ದಾನೆ. ಇದನ್ನು ಯಾವ ಮಗುವೂ ಬರೆಯುವುದಿಲ್ಲ. ಮುತ್ತಿಗೆ ಮಾರ್ಕ್ಸ್ ಇದೆ, ಹೆಸರುಕಾಳಿಗೆ ಇಲ್ಲ. ಹಾಗಾಗಿ ಹುರುಳಿ ಇಲ್ಲದ ಪ್ರಬಂಧಗಳೇ ಜಾಸ್ತಿ.

ಸರಿ, ಕಾರಣಗಳಿಗೆ ಬರೋಣ. 1565ರ ಜನವರಿ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರು ವಿಜಯನಗರದ ಮೇಲೆ ಒಟ್ಟಾದರು. ವಿಜಯನಗರ ಆಳುತ್ತಿದ್ದ ಅಳಿಯ ರಾಮರಾಯನ ತಲೆ ಹೋಯಿತು. ಅವನ ತಮ್ಮ ತಿರುಮಲ ಖಜಾನೆ ಹೊರಿಸಿಕೊಂಡು ಪೆನುಕೊಂಡೆ ಸೇರಿದ. ಊರು ಲೂಟಿಯಾಯಿತು. ಇದೇ ರಾಮರಾಯ ಅದಕ್ಕೂ ಮೊದಲು ವರ್ಷಗಟ್ಟಲೆ ಒಬ್ಬ ಸುಲ್ತಾನನ ಪಕ್ಷ ಹಿಡಿದು ಇನ್ನೊಬ್ಬನ ಮೇಲೆ ಹೋಗುತ್ತಿದ್ದ, ಮೈತ್ರಿ ಮಾಡಿ ಮುರಿಯುತ್ತಿದ್ದ. ಅದು ಬೇಡ, ಸಿಲಬಸ್ಸಿನಲ್ಲಿ ಇಲ್ಲ.

ಪ್ರಬಂಧ ಇಲ್ಲಿಗೆ ನಿಲ್ಲುತ್ತದೆ. ಅಂದರೆ 1565ರ ನಂತರ ಹಂಪಿಗೆ ಏನೂ ಆಗಿಲ್ಲ. ಕೆಡವುವ ಕೆಲಸವನ್ನೆಲ್ಲ ಶತ್ರುಗಳೇ ಆರು ತಿಂಗಳಲ್ಲಿ ಅಚ್ಚುಕಟ್ಟಾಗಿ ಮುಗಿಸಿ, ಕೈ ತೊಳೆದುಕೊಂಡು ಹೋದರು. ನಾವು ಬಂದಾಗಿನಿಂದ ಬರೀ ಸಂರಕ್ಷಣೆ.

ಹಾಗಿದ್ದರೆ ಕಲ್ಲಿನ ರಥದ ತಲೆ ಎಲ್ಲಿ ಹೋಯಿತು? ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯ ಫೋಟೊ ತೆಗೆದಿದ್ದ. ಅದರಲ್ಲಿ ವಿಠ್ಠಲ ದೇವಸ್ಥಾನದ ರಥದ ಮೇಲೆ ಇಟ್ಟಿಗೆಯ ಗೋಪುರ ಚೆನ್ನಾಗಿಯೇ ಕಾಣುತ್ತದೆ. ಈಗ ಇಲ್ಲ. ಸುಲ್ತಾನರು 1856ರ ಮೇಲೆ ಮತ್ತೊಮ್ಮೆ ಬಂದು, ಗೋಪುರ ಮಾತ್ರ ಇಳಿಸಿಕೊಂಡು ಹೋದರೋ ಏನೋ. ಐವತ್ತು ರೂಪಾಯಿ ನೋಟಿನ ಹಿಂದೆ ಅಚ್ಚು ಹಾಕಿರುವುದು ಈ ಬೋಳು ರಥವನ್ನೇ. ದೇಶದ ಎಲ್ಲರ ಜೇಬಿನಲ್ಲೂ ಇರುವ ಸ್ಮಾರಕಕ್ಕೆ ಅರ್ಧ ಇಲ್ಲ ಅನ್ನೋದು ಯಾರ ಪ್ರಬಂಧದಲ್ಲೂ ಬರುವುದಿಲ್ಲ.

ಪಕ್ಕದಲ್ಲೇ ಸಂಗೀತದ ಕಂಬಗಳು. ಒಳಗೆ ಏನಿದೆ ಅಂತ ನೋಡಲು ಬ್ರಿಟಿಷರು ಎರಡು ಕಂಬ ಕೊಯ್ದರು ಅಂತ ಗೈಡ್‌ಗಳು ಹೇಳುತ್ತಾರೆ. ಕೇಳಿದವರೆಲ್ಲ "ಛೇ, ಎಂಥ ಜನ" ಅಂದು, ಅದೇ ಉಸಿರಲ್ಲಿ ಕಂಬಕ್ಕೆ ಬೆರಳಿನಿಂದ ಟಕ್ ಟಕ್ ಬಡಿಯುತ್ತಿದ್ದರು. ಉಂಗುರ ಇದ್ದವರು ಉಂಗುರದಿಂದ. ಸರಿಗಮ ಕೇಳಿಸಿತು ಅಂತ ಹೆಂಡತಿಗೆ ಹೇಳುತ್ತಿದ್ದರು, ಆಕೆ ಇನ್ನೊಂದು ಕಂಬಕ್ಕೆ ಬಡಿಯುತ್ತಿದ್ದರು. ಕೊನೆಗೆ ಬಡಿಯುವುದನ್ನೇ ನಿಷೇಧಿಸಬೇಕಾಯಿತು. ಇಷ್ಟಾದರೂ ಕಾರಣಗಳ ಪಟ್ಟಿಯಲ್ಲಿ ಬ್ರಿಟಿಷರಿದ್ದಾರೆ, ಉಂಗುರ ಇಲ್ಲ.

ಈ ವಿಷಯದ ಮೇಲೆ ನಾನು ನೋಡಿದ ಅತ್ಯುತ್ತಮ ಪ್ರಬಂಧ ಹೊಸಪೇಟೆ ಕೋರ್ಟಿನದು. 2019ರಲ್ಲಿ ನಾಲ್ಕು ಹುಡುಗರು ಆನೆಲಾಯದ ಹಿಂದಿನ ವಿಷ್ಣು ದೇವಾಲಯದ ಬಳಿ ಕಲ್ಲುಕಂಬವನ್ನು ಕೈಯಿಂದ ತಳ್ಳಿ ಕೆಡವಿದ ವಿಡಿಯೊ ನೀವೂ ನೋಡಿರುತ್ತೀರಿ. ಶೇರ್ ಮಾಡಿಯೂ ಇರುತ್ತೀರಿ. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು. ಜೊತೆಗೆ ಆ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಕಾರಣ, ಪರಿಣಾಮ, ಕಾರಣವೇ ಬಂದು ಪರಿಣಾಮವನ್ನು ಸರಿಮಾಡುವುದು, ಮೂರೂ ಒಂದೇ ಜಾಗದಲ್ಲಿ. ಈ ನಿಯಮವನ್ನು ಹುಡುಗರಿಗೆ ಮಾತ್ರ ಯಾಕೆ ಇಟ್ಟರೋ ಗೊತ್ತಿಲ್ಲ. ಟೆಂಡರ್ ಕರೆದವರಿಗೂ ಇಟ್ಟಿದ್ದರೆ ಹಂಪಿಯ ಬಯಲಲ್ಲಿ ಎಷ್ಟೋ ದೊಡ್ಡ ಮನುಷ್ಯರು ಬಿಸಿಲಲ್ಲಿ ಕಲ್ಲು ಎತ್ತುತ್ತಿರುವುದನ್ನು ಟಿಕೆಟ್ ಕೊಟ್ಟು ನೋಡಬಹುದಿತ್ತು.

ಉದಾಹರಣೆಗೆ ಆನೆಗೊಂದಿ ಸೇತುವೆ. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಖುಷಿಯಿಂದ ಅದರ ಅಂಗಳದಲ್ಲೇ ತೂಗುಸೇತುವೆ ಕಟ್ಟಲು ಹೊರಟೆವು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಏಳು ವರ್ಷ ಕಾಗದ ಓಡಾಡಿ 2006ರಲ್ಲಿ ಅಪಾಯ ತಪ್ಪಿತು ಅಂತ ಆ ಪಟ್ಟಿಯಿಂದ ತೆಗೆದರು. 2009ರ ಜನವರಿಯಲ್ಲಿ ಸೇತುವೆ, ಇನ್ನೂ ಕಟ್ಟುತ್ತಿರುವಾಗಲೇ, ನದಿಗೆ ಬಿತ್ತು. ಮೇಲೆ ಕೆಲಸ ಮಾಡುತ್ತಿದ್ದವರು ಸತ್ತರು. ಪುರಂದರ ಮಂಟಪದ ಹತ್ತಿರ ಹೋದರೆ ವಿಜಯನಗರದವರು ಕಟ್ಟಿದ ಹಳೆ ಸೇತುವೆಯ ಕಲ್ಲುಕಂಬಗಳು ತುಂಗಭದ್ರೆಯ ಎಷ್ಟೋ ಪ್ರವಾಹ ಕಂಡು ಇನ್ನೂ ನಿಂತಿವೆ. ನಮ್ಮದು ಉದ್ಘಾಟನೆಯವರೆಗೂ ತಡೆಯಲಿಲ್ಲ.

ಇದಕ್ಕಿಂತ ಬೇಜಾರಾಗುವುದು ವಿರೂಪಾಕ್ಷ ಬಜಾರಿನ ಕಥೆ. ಅಂಗಡಿ ಬೀದಿ ಅಂತಲೇ ಕಟ್ಟಿದ ಬೀದಿ ಅದು, ಇಬ್ಬದಿಯಲ್ಲೂ ಸಾಲು ಮಂಟಪ. ಅಲ್ಲಿ ಜನ ಇದ್ದರು. ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿ ಮನೆ ಮಾಡಿದ್ದರು. ಇಡ್ಲಿ, ಚಹಾ, ತೆಂಗಿನಕಾಯಿ, ಕುಂಕುಮ ಮಾರುತ್ತಿದ್ದರು. ಚಂದ ಇತ್ತು ಅಂತ ನಾನು ಹೇಳಲ್ಲ. ಸಿಮೆಂಟು, ಕರೆಂಟ್ ವೈರು, ಬೋರ್ಡು, ಎಲ್ಲ ಕಲ್ಲಿನ ಮೇಲೇ. 2011ರ ಜುಲೈನಲ್ಲಿ ಇವರೇ ಸ್ಮಾರಕಕ್ಕೆ ಅಪಾಯ ಅಂತ ತೀರ್ಮಾನವಾಗಿ ಜೆಸಿಬಿ ಬಂತು. ಸಾಮಾನು ಎತ್ತಿಕೊಳ್ಳಲೂ ಸರಿಯಾಗಿ ಟೈಮ್ ಕೊಡಲಿಲ್ಲ. ಮುತ್ತು ಅಳೆಯುವವನೇ ಆವತ್ತು ಅಲ್ಲಿ ಕೂತಿದ್ದರೂ ಅವನ ಬಳ್ಳವನ್ನೂ ಎತ್ತಿ ಲಾರಿಗೆ ಹಾಕುತ್ತಿದ್ದರು. ಮನೆ ಕಳೆದುಕೊಂಡವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಅದು ಕೈಗೆ ಬರಲು ವರ್ಷಗಳೇ ಹಿಡಿದವು.

ಕಾರಣ ಹೋಯಿತಲ್ಲ, ಇನ್ನು ಪರಿಣಾಮ ಆಗಬಾರದು. ಅಲ್ವಾ?

2024ರ ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಂತು. ಅದೇ ಬಜಾರಿನ ಸಾಲು ಮಂಟಪದ ಒಂದು ಭಾಗ ಮಲಗಿತು. ಕಂಬ, ತೊಲೆ, ಚಪ್ಪಡಿ ಒಂದರ ಮೇಲೊಂದು. ಒಳಗೆ ಇಡ್ಲಿ ಮಾರುವವರಿರಲಿಲ್ಲ, ವೈರೂ ಇರಲಿಲ್ಲ, ದೂರಲು ಒಂದು ನರಪಿಳ್ಳೆಯೂ ಇರಲಿಲ್ಲ. ಹದಿಮೂರು ವರ್ಷ ಖಾಲಿ ಬೀದಿ ಕೈಯಲ್ಲಿತ್ತು. ಯಾವ ತೊಲೆ ಬಿರುಕು ಬಿಟ್ಟಿದೆ, ಯಾವ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ ಅಂತ ನೋಡಲು ಹದಿಮೂರು ಮಳೆಗಾಲ ಸಾಲಲಿಲ್ಲವಾ? ಜನರನ್ನು ಎತ್ತಿ ಹಾಕಲು ಇದ್ದ ಅವಸರದಲ್ಲಿ ಕಾಲು ಭಾಗ ಕಲ್ಲಿಗೆ ಊರುಗೋಲು ಕೊಡಲು ಇದ್ದಿದ್ದರೆ ಸಾಕಿತ್ತು. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ಸಾಕಾಗಿದೆ.

ಈ ಸಲದ ಕಾರಣ, ಮಳೆ. ತಪ್ಪಿತಸ್ಥರು ಸಿಕ್ಕಿಬಿದ್ದ ಮೇಲೆ ನೋಟಿಸ್ ಕೊಡಲೇಬೇಕು, ಬಜಾರಿನ ಜನಕ್ಕೆ ಕೊಟ್ಟಿರಲಿಲ್ಲವೇ. ತೊಡಕು ಏನಂದರೆ, ಮಳೆ ಬಿದ್ದದ್ದು ಕೇಂದ್ರ ಪುರಾತತ್ವ ಇಲಾಖೆಯ ಕಲ್ಲಿನ ಮೇಲೆ. ಇಳಿದದ್ದು ಪಂಚಾಯಿತಿಯ ಚರಂಡಿಗೆ. ಜಾಗದ ನಕ್ಷೆ ಇರುವುದು ಹಂಪಿ ಪ್ರಾಧಿಕಾರದ ಬೀರುವಿನಲ್ಲಿ. ಎದುರಿನ ದೇವಸ್ಥಾನ ಮುಜರಾಯಿಗೆ ಸೇರಿದ್ದು. ಮೋಡಗಳು ಸಂಡೂರಿನ ಕಡೆಯಿಂದ ಬಂದಿದ್ದರೆ ಬಳ್ಳಾರಿ ಜಿಲ್ಲೆಯದ್ದೂ ಒಂದು ಅಭಿಪ್ರಾಯ ಬೇಕು. ನೋಟಿಸಿಗೆ ಸಹಿ ಯಾರು ಹಾಕಬೇಕು ಅನ್ನೋದು ತೀರ್ಮಾನವಾಗುವವರೆಗೆ ಮಳೆ ಹೊರಗೇ ಓಡಾಡಿಕೊಂಡಿರುತ್ತದೆ.