ಗೋಲಿನ ಹಿಂದಿನ ಮಡಿ

ಜಪಾನಿನಲ್ಲಿ ನಾನಿರುವ ಕಡೆ ಉರಾವಾ ಹೆಸರಿನ ರೈಲು ನಿಲ್ದಾಣಗಳು ಎಂಟಿವೆ. ಬರೀ ಉರಾವಾ ಒಂದು. ಅದರ ಸುತ್ತ ಮೂಡಣ, ಪಡುವಣ, ಬಡಗಣ, ತೆಂಕಣ ಉರಾವಾಗಳು. ಆಮೇಲೆ ನಡು ಉರಾವಾ, ಮುಸಾಶಿ ಉರಾವಾ, ಕೊನೆಗೆ ಉರಾವಾ ಮಿಸೊನೊ. 2015ರಲ್ಲಿ ಬಂದ ಹೊಸತರಲ್ಲಿ ತೆಂಕಣದ ಬದಲು ಪಡುವಣದಲ್ಲಿ ಇಳಿದು, ರಾತ್ರಿ ಹನ್ನೊಂದಕ್ಕೆ ಸೂಟ್‌ಕೇಸ್ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದೆ. ತಮಾಷೆಯೆಂದರೆ ಉರಾವಾ ಎಂಬ ನಗರವೇ ಈಗಿಲ್ಲ. 2001ರಲ್ಲಿ ಪಕ್ಕದ ಓಮಿಯಾ, ಯೋನೊ ಎರಡರ ಜತೆ ಸೇರಿಸಿ ಸೈತಾಮಾ ಎಂದು ಒಂದೇ ನಗರ ಮಾಡಿಬಿಟ್ಟರು. ಈಗ ಉರಾವಾ ಅಂದರೆ ಒಂದು ವಾರ್ಡು, ಎಂಟು ಸ್ಟೇಷನ್ನು, ಒಂದು ಫುಟ್‌ಬಾಲ್ ಕ್ಲಬ್ಬು. ಊರನ್ನು ಹಿಡಿದಿಟ್ಟಿರುವುದು ಮೂರನೆಯದು ಅನ್ನುವುದು ನನ್ನ ತಲೆಗೆ ಹೋಗಲು ಒಂದು ವರ್ಷ ಬೇಕಾಯಿತು.

ಕ್ಲಬ್ಬಿನ ಪೂರ್ತಿ ಹೆಸರು ಉರಾವಾ ರೆಡ್ ಡೈಮಂಡ್ಸ್. ಇಲ್ಲಿ ಎಲ್ಲರ ಬಾಯಲ್ಲೂ ರೆಡ್ಸ್. 1950ರಲ್ಲಿ ಮಿತ್ಸುಬಿಷಿ ಕಾರ್ಖಾನೆಯ ನೌಕರರ ತಂಡವಾಗಿ ಹುಟ್ಟಿದ್ದು. ಹೆಸರಿನಲ್ಲಿರುವ ವಜ್ರ ಆ ಕಂಪನಿಯ ಲಾಂಛನದ ವಜ್ರವೇ. 1993ರಲ್ಲಿ ಜಪಾನಿನ ವೃತ್ತಿಪರ ಫುಟ್‌ಬಾಲ್ ಲೀಗು, ಜೆ ಲೀಗ್, ಶುರುವಾದಾಗ, ತಂಡಗಳು ಕಂಪನಿಯ ಹೆಸರಿಗಿಂತ ಊರಿನ ಹೆಸರಿನಿಂದ ಗುರುತಾಗಬೇಕು ಎಂದು ಲೀಗಿನವರು ಹಟ ಹಿಡಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳು. ಅವೂ ಕಾರ್ಖಾನೆಯ ತಂಡಗಳೇ, ರಾಷ್ಟ್ರೀಯ ಲೀಗಿನವರೆಗೂ ಹೋಗಿ ಆಡಿದವು. ಆದರೆ ಕೊನೆಯವರೆಗೂ ಕಾರ್ಖಾನೆಯ ತಂಡಗಳಾಗಿಯೇ ಉಳಿದವು. ಅವನ್ನು ಯಾವ ಬಡಾವಣೆಯೂ, ಯಾವ ಊರೂ ದತ್ತು ತೆಗೆದುಕೊಳ್ಳಲಿಲ್ಲ. ತಪ್ಪು ಆಟಗಾರರದ್ದಂತೂ ಅಲ್ಲ.

ನನ್ನನ್ನು ಮೊದಲು ಸ್ಟೇಡಿಯಂಗೆ ಕರೆದೊಯ್ದದ್ದು ಆಫೀಸಿನ ಹಿರಿಯರೊಬ್ಬರು, 2016ರಲ್ಲಿ. ಮಿಸೊನೊ ರೈಲಿನ ಕೊನೆಯ ನಿಲ್ದಾಣ. ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ಕಾಲ್ನಡಿಗೆ. ಹಿಂದೆ ಮುಂದೆ ಎಲ್ಲ ಕೆಂಪು ಅಂಗಿಯವರು. ಸ್ಟೇಡಿಯಂನಲ್ಲಿ 63,700 ಸೀಟು. ಗೋಲಿನ ಹಿಂದಿನ ಭಾಗಕ್ಕೆ ಸೀಟ್ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಹಾಗಾಗಿ ಜನ ಬೆಳಗ್ಗೆಯೇ, ಕೆಲವೊಮ್ಮೆ ಅದಕ್ಕೂ ಮುಂಚೆ ಬಂದು, ಸಾಲಿನಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಜಾಗ ಹಿಡಿದಿಡುತ್ತಾರೆ. ನೋಡಿ ನಗು ಬಂತು. ಕೆಎಸ್ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದಂತೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಯಾರೂ ಇನ್ನೊಬ್ಬರ ಟವೆಲ್ ಎತ್ತಿ ಎಸೆಯುವುದಿಲ್ಲ.

(ಪಂದ್ಯ ಮುಗಿದ ಮೇಲೆ ಜಪಾನೀಯರು ಕಸ ಹೆಕ್ಕುವ ವಿಡಿಯೋ ನನಗೆ ಕಳಿಸಬೇಡಿ. ಪ್ರತಿ ವಿಶ್ವಕಪ್ಪಿಗೂ ಹದಿನೈದು ಜನ ಕಳಿಸುತ್ತಾರೆ. ಹೌದು, ಹೆಕ್ಕುತ್ತಾರೆ. ಹೇಳಬೇಕಾದ ವಿಷಯ ಬೇರೆ ಇದೆ.)

ಮೊದಲ ದಿನ ನನ್ನನ್ನು ಕಾಡಿದ್ದು ಹಾಡು. ನಾವು ಕೂಗುವುದು ಏನಾದರೂ ಆದಾಗ. ಸಿಕ್ಸರ್ ಹೋದಾಗ, ವಿಕೆಟ್ ಬಿದ್ದಾಗ. ಇವರು ಏನೂ ಆಗದಿದ್ದಾಗ ಹಾಡುತ್ತಾರೆ. ತೊಂಬತ್ತು ನಿಮಿಷವೂ, ನಿಂತೇ. ತಂಡ ಗೋಲು ಹೊಡೆಸಿಕೊಂಡ ಮರುಕ್ಷಣ ದನಿ ಇನ್ನೂ ಏರುತ್ತದೆ. ನಾನು ಚೆಂಡು ನೋಡುತ್ತಾ ಹಾಡು ಮರೆಯುತ್ತಿದ್ದೆ. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಾಡುತ್ತಾ ಚೆಂಡು ಮರೆಯುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಅವರು ನನ್ನ ಮೊಣಕೈ ತಟ್ಟಿ, ಚಪ್ಪಾಳೆ ಎಲ್ಲಿ ಹೊಡೆಯಬೇಕೆಂದು ತೋರಿಸಿಕೊಟ್ಟರು. ಇವತ್ತಿಗೂ ನಾವಿಬ್ಬರು ನಿಲ್ಲುವುದು ಹೆಚ್ಚುಕಡಿಮೆ ಅದೇ ಸಾಲಿನಲ್ಲಿ. ನಾನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯುತ್ತೇನೆ, ಅವರು ಅನ್ನದ ಉಂಡೆ ತರುತ್ತಾರೆ. ಒಗ್ಗರಣೆಯ ಕಡಲೆಬೇಳೆ ಹಲ್ಲಿಗೆ ಗಟ್ಟಿ ಅಂತ ಅವರ ಒಂದೇ ತಕರಾರು.

ಊರಿನಿಂದ ಅಮ್ಮ ಭಾನುವಾರ ಫೋನ್ ಮಾಡುತ್ತಾರೆ. "ಗೆದ್ರೇನೋ?"

"ಇಲ್ಲಮ್ಮ. ಸೊನ್ನೆ ಸೊನ್ನೆ."

"ಇಡೀ ದಿನ ಹೋಗಿ, ದುಡ್ಡು ಕೊಟ್ಟು, ಗಂಟ್ಲು ಹರ್ಕೊಂಡು, ಸೊನ್ನೆ ಸೊನ್ನೆ!"

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಜ್ಜಿ ಹೇಳಿದ ಒಂದು ಕಥೆಯಲ್ಲಿ. 1999ರ ನವೆಂಬರ್ 27. ಆಗ ರೆಡ್ಸ್ ಆಡುತ್ತಿದ್ದದ್ದು ಕೊಮಾಬಾ ಎಂಬ ಹಳೇ ಮೈದಾನದಲ್ಲಿ. ಕೊನೆಯ ತಂಡಗಳು ಎರಡನೇ ದರ್ಜೆಗೆ ಇಳಿಯುವ ನಿಯಮ ಆ ವರ್ಷವೇ ಜಾರಿಗೆ ಬಂದಿತ್ತು. ಹಿರೋಶಿಮಾ ತಂಡದ ಎದುರು ಕೊನೆಯ ಪಂದ್ಯ. ಅಂದಿನ ಲೆಕ್ಕದಲ್ಲಿ ತೊಂಬತ್ತು ನಿಮಿಷದೊಳಗೆ ಗೆದ್ದರೆ 3 ಅಂಕ, ಹೆಚ್ಚುವರಿ ಸಮಯದಲ್ಲಿ ಗೆದ್ದರೆ 2 ಮಾತ್ರ. ತೊಂಬತ್ತು ನಿಮಿಷ ಮುಗಿದಾಗ 0-0. ಉಳಿಯಲು 2 ಅಂಕ ಸಾಲದು, ಅಂದರೆ ಆ ಕ್ಷಣಕ್ಕೇ ರೆಡ್ಸ್ ಕೆಳಗಿಳಿದಾಗಿತ್ತು. ಆದರೂ ನಿಯಮ ನಿಯಮವೇ, ಆಟ ಮುಂದುವರಿಯಬೇಕು. ಹೆಚ್ಚುವರಿ ಸಮಯದಲ್ಲಿ ಫುಕುದಾ ಮಸಾಹಿರೊ ಗೋಲು ಹೊಡೆದರು. ಪಂದ್ಯ ಗೆದ್ದರು. ಗೆದ್ದು ಇಳಿದರು. ಪರಿಸ್ಥಿತಿ ಗೊತ್ತಿಲ್ಲದ ಜತೆಗಾರನೊಬ್ಬ ಓಡಿಬಂದು ಅಪ್ಪಿಕೊಂಡನಂತೆ. ಫುಕುದಾ ಮುಖದಲ್ಲಿ ಜೀವವೇ ಇರಲಿಲ್ಲವಂತೆ. ಉಳಿದುಕೊಂಡ ಇಚಿಹಾರಾ ತಂಡಕ್ಕೂ ಇವರಿಗೂ ಅಂಕ ಸಮ, ವ್ಯತ್ಯಾಸ ಒಂದೇ ಒಂದು ಗೋಲಿನದು. ಜಗತ್ತಿನ ಅತಿ ದುಃಖದ ಗೆಲುವಿನ ಗೋಲು ಎಂದು ಇಲ್ಲಿಯವರು ಅದನ್ನು ಇವತ್ತಿಗೂ ಕರೆಯುತ್ತಾರೆ.

ಅಜ್ಜಿ ಮುಂದಿನ ವರ್ಷ ಎರಡನೇ ದರ್ಜೆಯ ಪಂದ್ಯಗಳಿಗೆ ಮೊದಲಿಗಿಂತ ಹೆಚ್ಚು ಹೋದರಂತೆ. ಯಾಕೆ ಎಂದು ಕೇಳಿದೆ. "ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ನೀವು ಆಸ್ಪತ್ರೆಗೆ ಹೋಗುವುದಿಲ್ಲವೇ?" ಅಂದರು. 2000ದ ನವೆಂಬರಿನಲ್ಲಿ ಅದೇ ಕೊಮಾಬಾದಲ್ಲಿ, ಕೊನೆಯ ಪಂದ್ಯದ ಹೆಚ್ಚುವರಿ ಸಮಯದಲ್ಲಿ, ಅದೇ ತರಹದ ಗೋಲಿನಿಂದ ರೆಡ್ಸ್ ಮೇಲಕ್ಕೆ ಬಂದರು.

ಆರ್‌ಸಿಬಿ ಅಭಿಮಾನಿಯಾದ ನನಗೆ ಇದು ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. 2009, 2011, 2016: ಮೂರು ಫೈನಲ್ ಸೋತಾಗಲೂ ನಾವು ಬಿಟ್ಟುಹೋಗಲಿಲ್ಲ. "ಈ ಸಲ ಕಪ್ ನಮ್ದೇ" ಅನ್ನುವುದನ್ನು ನಾವೇ ಹೇಳಿ ನಾವೇ ನಕ್ಕು, ಆದರೂ ಹೇಳಿದೆವು. ಕಾಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ರೆಡ್ಸ್ ಕೂಡ ಲೀಗ್ ಗೆದ್ದಿರುವುದು ಒಂದೇ ಸಲ, 2006ರಲ್ಲಿ. ಮರುವರ್ಷ ಕೊನೆಯ ದಿನ, ಆಗಲೇ ಕೆಳಗಿಳಿದಿದ್ದ ಯೊಕೊಹಾಮಾ ಎಫ್‌ಸಿ ಎದುರು 0-1 ಸೋತು ಕೈಗೆ ಬಂದದ್ದನ್ನು ಕಳೆದುಕೊಂಡರು. 2016ರಲ್ಲಿ 74 ಅಂಕ ಗಳಿಸಿ ವರ್ಷವಿಡೀ ಲೆಕ್ಕದಲ್ಲಿ ಮೊದಲಿದ್ದರೂ ಕಡೆಯ ಹಣಾಹಣಿಯಲ್ಲಿ ಕಾಶಿಮಾಗೆ ಬಿಟ್ಟುಕೊಟ್ಟರು. ಆ ರಾತ್ರಿ ನಾನಿದ್ದೆ. ನನ್ನ ಕರ್ಮ ನೋಡಿ, ಅದೇ ವರ್ಷ ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಫೈನಲ್ ಸೋತದ್ದನ್ನೂ ಇಲ್ಲೇ ಕೂತು ನೋಡಿದ್ದೆ.

ಆದರೆ 2017ರಲ್ಲಿ, 2019ರಲ್ಲಿ ನಾವು ಪಟ್ಟಿಯ ಕೊನೆಯಲ್ಲಿದ್ದಾಗ ಏನಾಯಿತು? ಏನೂ ಆಗಲಿಲ್ಲ. ಮುಂದಿನ ವರ್ಷ ಹರಾಜು, ಹೊಸ ಮುಖ, ಮತ್ತೆ ಎಂಟು ತಂಡ, ಅದರಲ್ಲಿ ನಾವೂ. ಐಪಿಎಲ್‌ನಲ್ಲಿ ಕೆಳಗಿಳಿಯುವುದು ಎಂಬುದೇ ಇಲ್ಲ. ಇಳಿಯುವ ಭಯ ಇಲ್ಲದ ಕಡೆ ಅಭಿಮಾನಕ್ಕೆ ಕೆಲಸ ಕಡಿಮೆ, ಆಸೆ ಮಾತ್ರ ಹೆಚ್ಚು. ನಮ್ಮದು ಜಾತ್ರೆ, ಇವರದು ನಿತ್ಯಪೂಜೆ ಅಂತ ಬಹಳ ದಿನ ಹೇಳಿಕೊಂಡು ತಿರುಗಿದೆ. ಕೇಳಿದವರು ತಲೆದೂಗುತ್ತಿದ್ದರು, ನನಗೂ ಖುಷಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಬೆಂಗಳೂರು ಎಫ್‌ಸಿಗಾಗಿ ಪಂದ್ಯವಿಡೀ ನಿಂತು ಹಾಡುವ ಹುಡುಗರನ್ನು ರಜೆಯಲ್ಲಿ ಬಂದಾಗ ನೋಡಿದ ಮೇಲೆ ಆ ಮಾತಿನ ಮೊದಲರ್ಧ ಸಡಿಲಾಯಿತು. ಎರಡನೆಯ ಅರ್ಧ ಸಡಿಲಾದದ್ದು ನಿತ್ಯಪೂಜೆ ಇದ್ದಲ್ಲಿ ಮಡಿಯೂ ಇರುತ್ತದೆ ಅನ್ನುವುದು ಗೊತ್ತಾದಾಗ.

ನಾನು ಬರುವ ಒಂದು ವರ್ಷ ಮುಂಚೆ, 2014ರ ಮಾರ್ಚ್ 8ರಂದು, ಗೋಲಿನ ಹಿಂದಿನ ಭಾಗಕ್ಕೆ ಹೋಗುವ ದ್ವಾರದ ಮೇಲೆ ಒಂದು ಬ್ಯಾನರ್ ಕಟ್ಟಿದ್ದರು. "ಜಪಾನೀಸ್ ಓನ್ಲಿ." ಇಂಗ್ಲಿಷಿನಲ್ಲೇ ಬರೆದಿದ್ದರು, ಯಾರು ಓದಬೇಕೋ ಅವರಿಗೆ ತಿಳಿಯಲಿ ಅಂತ. ಪಂದ್ಯ ಮುಗಿಯುವವರೆಗೂ ಅದು ಅಲ್ಲೇ ಇತ್ತು. ಕಟ್ಟಿದವರು ಆಮೇಲೆ ಕೊಟ್ಟ ವಿವರಣೆಯನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗೋಲಿನ ಹಿಂದಿನ ಜಾಗ ನಮ್ಮ ಪುಣ್ಯಸ್ಥಳ. ಹೊರಗಿನವರು ಬಂದರೆ ಹಾಡಿನ, ಕೂಗಿನ ಶಿಸ್ತು ಕೆಡುತ್ತದೆ. ಇದು ಅವರ ಮಾತಿನ ತಾತ್ಪರ್ಯ.

ಯಾವ ಕನ್ನಡಿಗನಿಗೆ ಈ ಮಾತು ಹೊಸದು ಹೇಳಿ? ಗರ್ಭಗುಡಿಯ ಹೊಸ್ತಿಲಲ್ಲಿ, ಊಟದ ಪಂಕ್ತಿಯಲ್ಲಿ, ಬಾವಿಕಟ್ಟೆಯಲ್ಲಿ ಇದನ್ನೇ ಅಲ್ಲವೇ ಹೇಳುತ್ತಾ ಬಂದದ್ದು? ದ್ವೇಷ ಅಂತ ಯಾರೂ ಒಪ್ಪುವುದಿಲ್ಲ. ಪದ್ಧತಿ ಕೆಡುತ್ತದೆ ಅನ್ನುತ್ತಾರೆ. ಟೋಕಿಯೋದಲ್ಲಿ ಬಾಡಿಗೆ ಮನೆ ಹುಡುಕುವಾಗ ವಿದೇಶಿಯರಿಗೆ ಕೊಡುವುದಿಲ್ಲ ಅಂದಾಗ ನನಗೆ ಸಿಟ್ಟು ಬಂದಿತ್ತು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡಿದ್ದ ಮನೆಯಲ್ಲಿ ನಾಲ್ಕು ವರ್ಷ ಹಾಯಾಗಿ ಇದ್ದೆ. ಆಗ ಆ "ಮಾತ್ರ" ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ, ಯಾಕೆಂದರೆ ನಾನು ಅದರ ಒಳಗಡೆ ಇದ್ದೆ.

ಮುಂದೆ ಆದದ್ದನ್ನು ನಾನು ಮೆಚ್ಚುತ್ತೇನೆ. ಲೀಗಿನವರು ಕ್ಲಬ್ಬಿಗೆ ಕೊಟ್ಟ ಶಿಕ್ಷೆ ಖಾಲಿ ಸ್ಟೇಡಿಯಂ. ಮಾರ್ಚ್ 23ರಂದು ಶಿಮಿಜು ತಂಡದ ಎದುರಿನ ಪಂದ್ಯಕ್ಕೆ ಒಬ್ಬ ಪ್ರೇಕ್ಷಕನನ್ನೂ ಬಿಡಲಿಲ್ಲ. ಜೆ ಲೀಗಿನ ಇತಿಹಾಸದಲ್ಲೇ ಅದು ಮೊದಲ ಸಲ. ಬ್ಯಾನರ್ ಕಟ್ಟಿದ ಗುಂಪಿಗೆ ಅನಿರ್ದಿಷ್ಟ ಕಾಲ ಪ್ರವೇಶವಿಲ್ಲ. ಉಳಿದವರ ಬ್ಯಾನರು, ಬಾವುಟಗಳಿಗೂ ನಿಷೇಧ. ಕೆಲವರು ಕಟ್ಟಿದ್ದಕ್ಕೆ ಎಲ್ಲರಿಗೂ ಯಾಕೆ ಶಿಕ್ಷೆ ಎಂದು ನಾನು ಅಜ್ಜಿಯನ್ನು ಕೇಳಿದ್ದೆ. ಆ ದಿನ ಆ ದ್ವಾರದ ಕೆಳಗೆ ಎಷ್ಟೋ ಜನ ಹಾದುಹೋದೆವಲ್ಲ ಅಂದರು. ಹಾದುಹೋದವರಲ್ಲಿ ತಾವಿದ್ದರೋ ಇಲ್ಲವೋ ಹೇಳಲಿಲ್ಲ. ನಾನೂ ಕೆದಕಲಿಲ್ಲ.

ಇವರು ಪಾಠ ಕಲಿತು ಸಾಧುಗಳಾದರು ಅಂತಲೂ ಅಲ್ಲ. 2023ರ ಆಗಸ್ಟಿನಲ್ಲಿ ನಗೋಯಾದಲ್ಲಿ ಸೋತ ಮೇಲೆ ನಮ್ಮವರೇ ಮೈದಾನಕ್ಕೆ ನುಗ್ಗಿ ಹೊಡೆದಾಟ ಮಾಡಿದರು. ಮರುವರ್ಷದ ಚಕ್ರವರ್ತಿ ಕಪ್ ಎಂಬ ದೇಶಮಟ್ಟದ ಟೂರ್ನಿಯಲ್ಲಿ ಆಡುವ ಹಕ್ಕನ್ನೇ ಕ್ಲಬ್ಬು ಕಳೆದುಕೊಂಡಿತು. ಹಾಗಾಗಿ ಜಪಾನೀಯರ ರಕ್ತದಲ್ಲೇ ಶಿಸ್ತಿದೆ ಅನ್ನುವ ವಾಟ್ಸಾಪ್ ಸಿದ್ಧಾಂತ ನನಗೆ ಒಪ್ಪಿಗೆಯಿಲ್ಲ. ಶಿಸ್ತು ಇರುವುದು ಸ್ಟೇಷನ್ನಿನಲ್ಲಿ. ಮಿಸೊನೊದಲ್ಲಿ ಪಂದ್ಯದ ದಿನಕ್ಕೆಂದೇ ಒಂದು ಹೆಚ್ಚುವರಿ ಪ್ಲಾಟ್‌ಫಾರ್ಮ್ ಕಟ್ಟಿದ್ದಾರೆ. ಜನ ಬರುವ ಮುಂಚೆಯೇ ಜನರ ಬಗ್ಗೆ ಯಾರೋ ಕೂತು ಯೋಚಿಸಿದ್ದಾರೆ. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದ ರಾತ್ರಿ ನಾನು ಇಲ್ಲಿನ ಫ್ಲಾಟಿನಲ್ಲಿ, ಪಕ್ಕದ ಮನೆಯವರು ಏಳದಂತೆ, ದಿಂಬಿಗೆ ಬಾಯಿಟ್ಟು ಕಿರುಚಿದ್ದೆ. ಮರುದಿನ ಚಿನ್ನಸ್ವಾಮಿಯ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತರು. ಆ ವಾರ ಪಂದ್ಯ ಮುಗಿಸಿ ಸ್ಟೇಷನ್ನಿಗೆ ನಡೆದುಬರುವ ಜನರ ಗುಂಪು ನೆನಪಾದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಅವರೂ ಇದೇ ತರಹ ನಡೆದುಕೊಂಡು ಮನೆಗೆ ಹೋಗಬೇಕಾದವರು.

ಇನ್ನೊಂದು ವಿಷಯ ಹೇಳದಿದ್ದರೆ ನಾನು ಬರೆದದ್ದೆಲ್ಲ ಡಂಬಾಚಾರ. 2023ರಲ್ಲಿ ರೆಡ್ಸ್ ಮೂರನೇ ಸಲ ಏಷ್ಯಾದ ಚಾಂಪಿಯನ್ ಆದರು. ಸೌದಿಯ ಅಲ್ ಹಿಲಾಲ್ ಎದುರು ಫೈನಲ್, ಎರಡು ಪಂದ್ಯ. ಮೊದಲನೆಯದು ಏಪ್ರಿಲ್ 29ಕ್ಕೆ, ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ. ಇಲ್ಲಿ ನಡುರಾತ್ರಿ ಕಳೆದಿತ್ತು. ಕಾಫಿ ಕಾಸಿಕೊಂಡು, ಕೆಂಪು ಅಂಗಿ ಹಾಕಿಕೊಂಡು ಒಬ್ಬನೇ ಕೂತೆ. ನಮ್ಮ ಕೊರೊಕಿ ಗೋಲು ಹೊಡೆದು ಸಮ ಮಾಡಿದರು, 1-1. ಮೇ 6ಕ್ಕೆ ಇಲ್ಲಿ 1-0. ಆ ದಿನ ಅಜ್ಜಿ ಅತ್ತರು. ನಾನೂ.

ಆಮೇಲೊಂದು ದಿನ ರಿಯಾದ್ ಪಂದ್ಯದ ಬಗ್ಗೆ ಏನೋ ಹುಡುಕುವಾಗ ಗೊತ್ತಾಯಿತು. ಅದೇ ಸ್ಟೇಡಿಯಂನಲ್ಲಿ, ಎಂಟು ವಾರ ಮುಂಚೆ, ಮಾರ್ಚ್ 4ರಂದು, ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಕ್ಕೂ ಮುಂಚೆ ಗೆದ್ದಾಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೇ ಇರಲಿಲ್ಲ, ಮೈಸೂರು ಅಂತ ಆಡಿದ್ದರು. 54 ವರ್ಷ! ಆರ್‌ಸಿಬಿಗೆ ಕಾದ 18 ವರ್ಷದ ಮೂರು ಪಟ್ಟು. ಒಂದು ಸ್ಟೇಟಸ್ ಇಲ್ಲ, ಒಂದು ಫಾರ್ವರ್ಡ್ ಇಲ್ಲ. ನಿದ್ದೆಗೆಟ್ಟು ಫುಟ್‌ಬಾಲ್ ನೋಡುವ, ತನ್ನನ್ನು ತಾನು ಪರಮ ಭಕ್ತ ಅಂದುಕೊಂಡ ಕನ್ನಡಿಗ ನನಗೇ ಗೊತ್ತಿರಲಿಲ್ಲ.

ಮುಂದಿನ ಪಂದ್ಯಕ್ಕೆ ಹೋದಾಗ ಇದನ್ನು ಅಜ್ಜಿಗೆ ಹೇಳಿದೆ. ಅವರಿಗೆ ಭಾರೀ ಸಂತೋಷ. ಅದೇ ಮೈದಾನವೇ, ಅದೇ ಗೋಲೇ ಅಂತ ಎರಡೆರಡು ಸಲ ಕೇಳಿದರು. ಚಿತ್ರಾನ್ನದ ಡಬ್ಬಿಯಿಂದ ಕಡಲೆಬೇಳೆಯನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಾ, "ನಿಮ್ಮೂರಿನ ತಂಡದ ಅಂಗಿ ಯಾವ ಬಣ್ಣ?" ಅಂದರು.

ನಾನು ಫೋನ್ ತೆಗೆದೆ.