ಹತ್ತು ಡಾಲರಿನ ಮಾಲು ಒಂದೇ ಡಾಲರಿಗೆ

ಗೆಳೆಯರೊಬ್ಬರು ತಮ್ಮ ಕಂಪನಿಗೆ ಹೆಸರು ಹುಡುಕಲು ಮೂರು ತಿಂಗಳು ತಗೊಂಡರು. ಲೋಗೋದ ಬಣ್ಣಕ್ಕೆ ಮತ್ತೊಂದು ತಿಂಗಳು. ಆ ಹೆಸರಿನ ಡೊಮೇನನ್ನು, ಅಂದರೆ ವೆಬ್ ವಿಳಾಸವನ್ನು, ಯಾವ ರಿಜಿಸ್ಟ್ರಾರ್ (ವಿಳಾಸ ನೋಂದಾಯಿಸಿ ಕೊಡುವ ಕಂಪನಿ) ಕೈಗೆ ಒಪ್ಪಿಸಬೇಕು ಅನ್ನೋದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಅದರಲ್ಲೂ ಮೂರು ನಿಮಿಷ ಒಟಿಪಿ ಬರಲಿಲ್ಲ ಅಂತ ಕಾದದ್ದು. 'ಒಂದೇ ಡಾಲರ್ ಕಣ್ರೀ!' ಅಂದರು, ಲೋಕವನ್ನೇ ಗೆದ್ದವರಂತೆ.

ಡಾಟ್ ಕಾಮ್ ಹೆಸರುಗಳ ಮೂಲ ಖಾತೆ ಇರುವುದು ವೆರಿಸೈನ್ ಎಂಬ ಅಮೆರಿಕದ ಕಂಪನಿಯ ಬಳಿ. ರಿಜಿಸ್ಟ್ರಾರ್‌ಗಳಿಂದ ವರ್ಷಕ್ಕೆ ಹೆಸರೊಂದಕ್ಕೆ ಅದು ವಸೂಲು ಮಾಡುವ ಸಗಟು ದರ 2024ರ ಸೆಪ್ಟೆಂಬರಿನಲ್ಲೇ 10.26 ಡಾಲರಿಗೆ ಏರಿತ್ತು. ಹಾಗಾದರೆ ಒಂದು ಡಾಲರಿಗೆ ಮಾರುವ ಧರ್ಮಾತ್ಮ ಮಿಕ್ಕ ಒಂಬತ್ತನ್ನು ಎಲ್ಲಿಂದ ತರುತ್ತಾನೆ? ನಿಮ್ಮಿಂದಲೇ, ಎರಡನೇ ವರ್ಷ. ನವೀಕರಣದ ದರ ಅದೇ ಪುಟದಲ್ಲೇ ಇರುತ್ತದೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಬಿಳಿ ಹಾಳೆಯ ಮೇಲೆ ತಿಳಿಬೂದು ಬಣ್ಣದಲ್ಲಿ.

ಆ ಒಂದು ಡಾಲರ್ ಕೊಡುವುದಕ್ಕೂ ಏಳು ಬಾಗಿಲು ದಾಟಬೇಕು. ಗೋಪ್ಯತಾ ರಕ್ಷಣೆ ಬೇಕೆ? (ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು ಬಂದ 2018ರಿಂದ ಡೊಮೇನುಗಳ ಸಾರ್ವಜನಿಕ ದಾಖಲೆಯಲ್ಲಿ ಮಾಲೀಕರ ಬಹುತೇಕ ವೈಯಕ್ತಿಕ ವಿವರಗಳು ಮುಚ್ಚಿಯೇ ಇರುತ್ತವೆ. ಮುಚ್ಚಿದ್ದಕ್ಕೆ ಇನ್ನೊಂದು ಮುಸುಕು.) ಸೈಟಿನ ಮಾಹಿತಿ ಗುಟ್ಟಾಗಿ ಸಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಬೇಕೆ? ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು 2015ರಿಂದ ಪುಕ್ಕಟೆ ಹಂಚುತ್ತಿದೆ, ಪರವಾಗಿಲ್ಲ, ಇಲ್ಲಿ ಕಾಸು ಕೊಡಿ. 'ಹೌದು' ಗುಂಡಿ ಹಸಿರು, ಅಂಗೈ ಅಗಲ. 'ಬೇಡ' ಅನ್ನಬೇಕಾದರೆ ಹುಡುಕಿ ಒತ್ತಬೇಕಾದ ಸಾಲು: 'ನನ್ನ ವ್ಯಾಪಾರ ಅಪಾಯದಲ್ಲಿದ್ದರೂ ಚಿಂತೆಯಿಲ್ಲ.' ಹಾಗಂತ ಯಾರು ತಾನೇ ಒತ್ತುತ್ತಾರೆ? ಗೆಳೆಯರು ಎಲ್ಲದಕ್ಕೂ ಹಸಿರು ಒತ್ತಿದರು. ಮೂಗಿಗಿಂತ ಮೂಗುತಿಯೇ ಭಾರವಾಯಿತು.

ಎರಡನೇ ವರ್ಷದ ಬಿಲ್ಲು ಕಂಡು ಗಾಬರಿಯಾಗಿ ಬೇರೆ ರಿಜಿಸ್ಟ್ರಾರ್‌ಗೆ ಹೋಗೋಣ ಅಂತ ಹೊರಟಾಗ ತಿಳಿಯಿತು, ದಾಖಲೆಯಲ್ಲಿ ಮಾಲೀಕರು ಇವರಲ್ಲವೇ ಅಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನ ಹೆಸರು, ತನ್ನ ಇಮೇಲ್, ತನ್ನ ಕಾರ್ಡು ಹಾಕಿದ್ದ. ಪುಣ್ಯಕ್ಕೆ ಅವನು ಫೋನ್ ಎತ್ತಿದ. ಮಾಲೀಕತ್ವ ಇವರ ಹೆಸರಿಗೆ ಬಂತು. ಬಂದ ಕೂಡಲೇ ರಿಜಿಸ್ಟ್ರಾರ್ ಬೀಗ ಜಡಿದ: ಮಾಲೀಕರ ಹೆಸರು ಬದಲಾದರೆ 60 ದಿನ ವರ್ಗಾವಣೆ ಇಲ್ಲ! ಕಳ್ಳರಿಂದ ಕಾಪಾಡಲು ಮಾಡಿದ ನಿಯಮವಂತೆ. ಸದ್ಯಕ್ಕೆ ಒಳಗೆ ಸಿಕ್ಕಿಬಿದ್ದದ್ದು ಮನೆಯವರೇ.

ಇಷ್ಟಾಗಿಯೂ ಇವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಸಾಕ್ಷಾತ್ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮರೆತಿತ್ತು. ಅದರ ಇಮೇಲ್ ಸೇವೆ ಹಾಟ್‌ಮೇಲ್‌ನ ಲಾಗಿನ್ ನಡೆಯುತ್ತಿದ್ದದ್ದು ಅದರ ಮೂಲಕ. ಕೊನೆಗೆ ಹೊರಗಿನ ಪ್ರೋಗ್ರಾಮರ್ ಒಬ್ಬ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಬಿಡಿಸಿದ.

ನಮ್ಮವರಿಗೆ ಅಂಥ ಆಪದ್ಬಾಂಧವ ಸಿಗಲಿಲ್ಲ. 60 ದಿನ ಮುಗಿಯುವ ಮೊದಲೇ ಡೊಮೇನಿನ ಅವಧಿ ಮುಗಿಯಿತು. ಹುಡುಗನ ಕಾರ್ಡು ತೆಗೆದಾಗಿತ್ತು, ಇವರ ಕಾರ್ಡು ಹಾಕಿರಲಿಲ್ಲ. ವೆಬ್‌ಸೈಟ್ ಹೋಯಿತು, ಜೊತೆಗೆ ಆ ಹೆಸರಿನ ಮೇಲೆ ನಡೆಯುತ್ತಿದ್ದ ಅಷ್ಟೂ ಇಮೇಲ್. ಇನ್ನು ಕೆಲವು ವಾರ ಕಳೆದರೆ 'ರಿಡೆಂಪ್ಷನ್' ಎಂಬ 30 ದಿನಗಳ ಘಟ್ಟ, ದಂಡ ಕಟ್ಟಿ ಬಿಡಿಸಿಕೊಳ್ಳುವುದು. ಅದೂ ದಾಟಿದರೆ ಐದು ದಿನದಲ್ಲಿ ಹೆಸರು ಬೀದಿಗೆ, ಸಿಕ್ಕವರಿಗೆ ಸೀರುಂಡೆ.

ಗೆಳೆಯರು ದುಡ್ಡು ಕಟ್ಟಲು ಓಡಿದರು. ಪಾಸ್‌ವರ್ಡ್ ಮರೆತಿತ್ತು. ಹೊಸ ಪಾಸ್‌ವರ್ಡಿನ ಕೊಂಡಿಯನ್ನು ದಾಖಲೆಯಲ್ಲಿರುವ ಇಮೇಲಿಗೆ ಕಳಿಸಿದ್ದೇವೆ ಅಂತ ಬಂತು. ಮಾಲೀಕತ್ವ ಬದಲಿಸುವಾಗ, ಠೀವಿಯಾಗಿರಲಿ ಅಂತ, ಇವರು ಅಲ್ಲಿ ಕೊಟ್ಟಿದ್ದದ್ದು ಅದೇ ಡೊಮೇನಿನ ಇಮೇಲ್. 'ಆ ಇಮೇಲ್ ಸತ್ತಿದೆ ಸ್ವಾಮಿ' ಅಂತ ಚಾಟ್‌ನಲ್ಲಿ ಬೇಡಿಕೊಂಡರು. ನಗುಮುಖದ ರೋಬೋ ಕ್ಷಣದಲ್ಲೇ ಉತ್ತರಿಸಿತು: 'ನಿಮ್ಮ ತೊಂದರೆ ಅರ್ಥವಾಯಿತು. ದಯವಿಟ್ಟು ಇದೇ ಮಾತನ್ನು ನೋಂದಾಯಿತ ಇಮೇಲಿನಿಂದ ಬರೆದು ಕಳಿಸಿ.'